ಹೊಡೆದವನು ಮನೆಯಲ್ಲಿ, ಹೊಡೆತ ತಿಂದವಳು ಬಸ್‌ಸ್ಟ್ಯಾಂಡಿನಲ್ಲಿ

ಗಂಡ ಹೊಡೆಯುತ್ತಾನೆ ಎಂದು ಬಾಯಿಬಿಟ್ಟು ಹೇಳಿಕೊಂಡ ಹೆಣ್ಣಿಗೆ ನಮ್ಮಲ್ಲಿ ಸಿಗುವ ಬುದ್ಧಿಮಾತು ಎರಡೇ. ‘ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗಮ್ಮ’ ಎನ್ನುತ್ತಾರೆ. ಇಲ್ಲವೇ, ‘ಡೈವೋರ್ಸ್ ತಗೊಂಡು ತವರಿಗೆ ಹೋಗು’ ಎನ್ನುತ್ತಾರೆ. ಹೊಡೆದವನು ಮಾತ್ರ ಕುಂತಲ್ಲೇ ಕುಂತಿರುತ್ತಾನೆ.

ಮೂರನೆಯ ದಾರಿಯೊಂದಿದೆ ಎಂದು ಆಕೆಗೆ ಹೇಳುವವರು ತೀರ ಕಡಿಮೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಕಾಪಾಡುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದೇ ಜಾರಿಗೆ ಬಂತು. ವಿಚ್ಛೇದನ ಕೇಳದೆಯೇ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಇವನು ನನ್ನ ಮೇಲೆ ಕೈಮಾಡಕೂಡದು, ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡಕೂಡದು, ನನ್ನನ್ನು ಮನೆಯಿಂದ ಹೊರದಬ್ಬಕೂಡದು ಎಂದು ರಕ್ಷಣಾ ಆದೇಶವನ್ನೂ ವಾಸದ ಆದೇಶವನ್ನೂ ಕೇಳಬಹುದು. ಅವನೇ ಮನೆಯಿಂದ ಹೊರಗಿರಲಿ ಎಂದೂ ನ್ಯಾಯಾಲಯ ಹೇಳಬಹುದು. ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎಂದು ಗದರಿಸುವವರಿಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲೇ ಉತ್ತರ ಕೊಟ್ಟಿದೆ: ಅತ್ತೆ ಮಾವನ ಹೆಸರಿನ ಮನೆಯಾದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು.

ವಕೀಲರ ಫೀಸಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ. ಅರ್ಜಿಯ ಜೊತೆಗೇ ಪ್ರಮಾಣಪತ್ರ ಕೊಟ್ಟು ಮಧ್ಯಂತರ ಆದೇಶ ಕೇಳಿ ಎಂದು ಎಲ್ಲ ಹೆಣ್ಣುಮಕ್ಕಳಿಗೂ ಒತ್ತಿ ಹೇಳುತ್ತೇನೆ. ಪರಿಸ್ಥಿತಿ ಗಂಭೀರವಾಗಿದ್ದರೆ ಗಂಡ ಹಾಜರಾಗುವ ಮೊದಲೇ ಆದೇಶ ಹೊರಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ರಕ್ಷಣಾ ಆದೇಶವನ್ನು ಮುರಿದರೆ ಅದು ಜಾಮೀನುರಹಿತ ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟು ಗಟ್ಟಿಯಾದ ಕಾಯ್ದೆ ಸೋಲುತ್ತಿರುವುದು ತಾಲ್ಲೂಕು ಕೇಂದ್ರದಲ್ಲಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎನ್ನುತ್ತದೆ ಕಾಯ್ದೆ. ನಡೆಯುವುದು ವಾಯಿದೆಯ ಮೇಲೆ ವಾಯಿದೆ. ಘಟನೆಯ ವರದಿ ಬರೆದು, ಅರ್ಜಿ ಹಾಕಿಸಿ, ಆಕೆಯ ಜೊತೆ ನಿಲ್ಲಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಬಿದ್ದಿದೆ. ಅಂಗನವಾಡಿಗಳ ಆಹಾರ, ಕಟ್ಟಡ, ನೇಮಕಾತಿ, ಸಭೆಗಳ ನಡುವೆ ಅವರು ಮುಖ ಊದಿಸಿಕೊಂಡು ಬಂದವಳ ಮಾತನ್ನೂ ಕೇಳಬೇಕು. ಆ ಅಧಿಕಾರಿಗಳನ್ನು ಬೈದು ಫಲವಿಲ್ಲ. ಒಬ್ಬರಿಗೆ ಇಬ್ಬರ ಕೆಲಸ ಹೊರಿಸಿದ್ದು ಸರ್ಕಾರ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಷ್ಟು ದೊಡ್ಡ ಸಂಕಟಕ್ಕೆ ಹೆಚ್ಚುವರಿ ಹೊಣೆಯ ಅಧಿಕಾರಿ ಸಾಲದು. ಪ್ರತಿ ತಾಲ್ಲೂಕಿಗೂ ಇದೊಂದೇ ಕೆಲಸದ ಸಂರಕ್ಷಣಾಧಿಕಾರಿ, ಅವರಿಗೊಂದು ವಾಹನ, ಒಬ್ಬ ಸಹಾಯಕಿ ಬೇಕು. ಈ ಹುದ್ದೆಗಳನ್ನು ಮಂಜೂರು ಮಾಡಿ, ಮುಂದಿನ ಬಜೆಟ್ಟಿನಲ್ಲಿ ಅವರ ಸಂಬಳಕ್ಕೆ ಹಣ ತೆಗೆದಿರಿಸಿ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಕೇಳುತ್ತಿದ್ದೇನೆ.