ವಿಜಯವೂ ಇರಲಿ, ಗೆಲುವೂ ಇರಲಿ

ಈ ಸಲ ನಮ್ಮ ಸಂಘದ ಮೀಟಿಂಗಿನಲ್ಲಿ ಅರ್ಧ ಗಂಟೆ ಹೋಗಿದ್ದು ಒಂದೇ ಪ್ರಶ್ನೆಗೆ: ಟ್ರೋಫಿ ಮೇಲೆ 'ವಿಜೇತರು' ಅಂತ ಬರೆಸೋದಾ, 'ಗೆದ್ದವರು' ಅಂತಲಾ? 'ವಿಜೇತ ಸಂಸ್ಕೃತ, ಅದು ಬೇಡ' ಅಂದರು ಕೆಲವರು. 'ಗೆದ್ದವರು ಅನ್ನೋದಕ್ಕೆ ಗತ್ತಿಲ್ಲ' ಅಂದರು ಉಳಿದವರು. ಜಗಳ ಮುಗಿಸಿ ಟೀ ಅಂಗಡಿಗೆ ಹೋದಾಗ ಎರಡೂ ಕಡೆಯವರು ಕೇಳಿದ್ದು, 'ವಿನ್ ಆದವ್ರ ಲಿಸ್ಟ್ ಕಳ್ಸಿದ್ಯಾ?'

ನಮ್ಮ ಅಭಿಪ್ರಾಯ: ಎರಡೂ ಬೇಕು.

ಬೇರೆ ಕಡೆಯಿಂದ ಬಂದಿದ್ದಕ್ಕೆ ಪದ ಬಿಡಬೇಕು ಅಂದರೆ ನಾವಿರೋ ಜಾಗಕ್ಕೇ ಹೆಸರಿರಲ್ಲ. 'ಅನ್ನಪೂರ್ಣೇಶ್ವರಿ ನಗರ'ದಲ್ಲಿ ಅನ್ನ, ಪೂರ್ಣ, ಈಶ್ವರಿ, ನಗರ ಎಲ್ಲವೂ ಸಂಸ್ಕೃತ. ಮೆಟ್ರೋ ಹತ್ತೋಕೆ ಹೋಗೋದು ವಿಜಯನಗರಕ್ಕೆ. ಹಂಪಿಯ ರಾಜಧಾನಿ ವಿಜಯನಗರ; 2021ರಲ್ಲಿ ಹುಟ್ಟಿದ ಜಿಲ್ಲೆಯೂ ವಿಜಯನಗರ. 2014ರಲ್ಲಿ ಬಿಜಾಪುರ ಮತ್ತೆ ವಿಜಯಪುರ ಆಯಿತು. 'ಜಯ' ಸಮುದ್ರವನ್ನೂ ದಾಟಿದೆ: ಥಾಯ್ ಭಾಷೆಯಲ್ಲಿ ಅದು 'ಚಾಯ್', ಜಕಾರ್ತದ ಹಳೇ ಹೆಸರು ಜಯಕರ್ತ.

ಪೀಜಿಯಲ್ಲಿ ರಾತ್ರಿಯೆಲ್ಲಾ ಅನಿಮೆ, ಕೊರಿಯನ್ ಡ್ರಾಮಾ ನೋಡೋರಿಗೆ ಇದು ಹೊಸದಲ್ಲ. ಗೆಲುವಿಗೆ ಚೀನೀ ಭಾಷೆಯಲ್ಲಿ 'ಶಂಗ್‌ಲಿ', ಜಪಾನಿಯಲ್ಲಿ 'ಶೋರಿ', ಕೊರಿಯನ್ನಲ್ಲಿ 'ಸುಂಗ್‌ನಿ', ವಿಯೆಟ್ನಾಮಿಯಲ್ಲಿ 'ಥಂಗ್ ಲೊಯ್'. ಎಲ್ಲಾ ಒಂದೇ ಪದ, ಚೀನಾದ ಅವೇ ಎರಡು ಅಕ್ಷರಗಳಿಂದ ಬಂದಿದ್ದು. ಆದರೂ ಜಪಾನಿಯರು ಮನೆಯ ಮಾತಾದ 'ಕಾತ್ಸು' ಬಿಟ್ಟಿಲ್ಲ, ಕೊರಿಯನ್ನರು 'ಇಗಿದಾ' ಬಿಟ್ಟಿಲ್ಲ.

ಇನ್ನೊಂದು ಮಜಾ ನೋಡಿ. ಎರವಲು ಪದವನ್ನು ಕ್ರಿಯಾಪದ ಮಾಡಬೇಕಾದರೆ ಅವರು ತಮ್ಮದೇ 'ಮಾಡು' ಅಂಟಿಸುತ್ತಾರೆ: 'ಶೋರಿ ಸುರು', 'ಸುಂಗ್‌ನಿ ಹಾದಾ'. ನಾವು 'ಜಯ'ಕ್ಕೆ 'ಇಸು' ಸೇರಿಸಿ 'ಜಯಿಸು' ಮಾಡಿಕೊಂಡೆವು. 'ವಿನ್ ಆದ್ವಿ' ಅನ್ನೋದೂ ಹೆಚ್ಚುಕಡಿಮೆ ಇದೇ ದಾರಿಯದು. ಅದಕ್ಕೇ ಹಾಗೆ ಅನ್ನೋರನ್ನ ಬೈಯೋಕೆ ನಮಗೆ ಮನಸ್ಸಿಲ್ಲ.

ಆದರೆ ಒಂದು ಭಯ ಇದೆ. 'ಗೆಲ್ಲು' ಬಾಯಿಂದ ಹೋದರೆ ಅದರ ಜೊತೆ ಇನ್ನೊಂದು ಅರ್ಥವೂ ಹೋಗುತ್ತೆ. ಜ್ವರ ಬಿಟ್ಟ ಮೊಮ್ಮಗನನ್ನು ನೋಡಿ ಅಜ್ಜಿ, 'ಇವತ್ತು ಸ್ವಲ್ಪ ಗೆಲುವಾಗಿದಾನೆ' ಅಂತಾರಲ್ಲ, ಅಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ. ಮುಖಕ್ಕೆ ಕಳೆ ಬಂದಿದೆ, ಅಷ್ಟೇ. 'ವಿಜಯವಾಗಿದಾನೆ' ಅನ್ನೋಕಾಗಲ್ಲ; 'ವಿನ್ ಆಗಿದಾನೆ' ಅಂದರೆ ಅಜ್ಜಿಗೆ ಬೇರೇನೋ ಅನ್ನಿಸುತ್ತೆ.

ಈ ಅರ್ಥ ನಮ್ಮ ಕ್ಯಾಂಪಸ್ಸಿಗೆ ಬೇಕು. ಪ್ಲೇಸ್‌ಮೆಂಟ್ ಶುರುವಾದ ಮೇಲೆ ಇಲ್ಲಿ ಸಿಕ್ಕವರು, ಸಿಗದವರು ಅಂತ ಎರಡೇ ಜಾತಿ. ಮೂರನೇ ಇಂಟರ್‌ವ್ಯೂನಲ್ಲೂ ಹೊರಬಿದ್ದ ರೂಮ್‌ಮೇಟ್ ಎರಡು ದಿನ ಮಾತಾಡಲ್ಲ. ಮೂರನೇ ದಿನ ಎದ್ದು ಸ್ನಾನ ಮಾಡಿ 'ದೋಸೆಗೆ ಹೋಗೋಣ ಬರ್ರೋ' ಅಂತಾನೆ. ಅವನಿಗೆ ಕೆಲಸ ಸಿಕ್ಕಿಲ್ಲ, ಆದರೆ ಗೆಲುವಾಗಿದಾನೆ. ಅದನ್ನ ಹೇಳೋಕೆ ನಮ್ಮ ಹತ್ರ ಇರೋ ಪದ ಇದೊಂದೇ.

ಹಾಗಾಗಿ ಟ್ರೋಫಿ ಮೇಲೆ 'ವಿಜೇತರು' ಅಂತಲೇ ಇರಲಿ, ಅಭ್ಯಂತರ ಇಲ್ಲ. ಕಾರಿಡಾರಿನಲ್ಲಿ ಮಾತ್ರ 'ಗೆದ್ವಿ' ಅನ್ನೋಣ. ಮಂಕಾಗಿ ಕೂತ ಗೆಳೆಯನನ್ನ 'ಇವತ್ತು ಗೆಲುವಾಗಿದೀಯೇನೋ?' ಅಂತ ಒಂದು ಸಲ ಕೇಳೋಣ.