ತಾರಸಿ ಇದ್ದವರ ಸೂರ್ಯ

ಸೌರವಿದ್ಯುತ್ತಿನ ಬಗ್ಗೆ ಯಾರು ಮಾತಾಡಲು ನಿಂತರೂ ಮೊದಲ ವಾಕ್ಯ ಹೆಚ್ಚುಕಡಿಮೆ ಒಂದೇ: ಸೂರ್ಯ ಎಲ್ಲರಿಗೂ ಸೇರಿದವನು, ಅವನು ಬಿಲ್ ಕಳಿಸುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಮನೆಯ ಮಟ್ಟದಲ್ಲಿ ಬಿಸಿಲು ಕರೆಂಟಾಗಬೇಕಾದರೆ ಅದು ಮೊದಲು ಒಂದು ತಾರಸಿಯ ಮೇಲೆ ಬೀಳಬೇಕು. ಒಂದು ಕಿಲೋವ್ಯಾಟ್ ಪ್ಯಾನೆಲ್ ಕೂರಿಸಲು ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಆ ಜಾಗ ನಿಮ್ಮದಾಗಿರಬೇಕು, ಮೀಟರು ನಿಮ್ಮ ಹೆಸರಿನಲ್ಲಿರಬೇಕು, ಕೈಯಲ್ಲಿ ದುಡ್ಡಿರಬೇಕು, ಇಲ್ಲವೇ ಸಾಲ ಕೊಡಲು ಬ್ಯಾಂಕು ಒಪ್ಪಬೇಕು. ಇಷ್ಟೆಲ್ಲ ಆದ ಮೇಲೆ ಸೂರ್ಯ ಎಲ್ಲರಿಗೂ ಸೇರಿದವನು!

ನನ್ನ ತಕರಾರು ಸೌರವಿದ್ಯುತ್ತಿನ ಮೇಲಲ್ಲ. ರಾಯಚೂರಿನ ಶಕ್ತಿನಗರದಲ್ಲೂ ಬಳ್ಳಾರಿಯ ಕುಡಿತಿನಿಯಲ್ಲೂ ಕಲ್ಲಿದ್ದಲು ಸುಟ್ಟು ಬಂದ ಬೂದಿಯ ಪಕ್ಕ ಬದುಕುವ ಜನರಿದ್ದಾರೆ. ಆ ಕುಲುಮೆಗಳು ಎಷ್ಟು ಬೇಗ ತಣ್ಣಗಾದರೆ ಅಷ್ಟು ಒಳ್ಳೆಯದು. ನನ್ನ ತಕರಾರು ಇರುವುದು ಈ ಬದಲಾವಣೆಯ ಲೆಕ್ಕಪುಸ್ತಕದ ಮೇಲೆ. ಕರೆಂಟು ಎನ್ನುವುದು ಊರಿಗೆಲ್ಲ ಒಂದೇ ತಂತಿಯಲ್ಲಿ ಬರುವ ಸಾರ್ವಜನಿಕ ವಸ್ತುವಾಗಿತ್ತು. ಅದನ್ನು ನಾವೀಗ ತಾರಸಿ ಇದ್ದವರ ಸ್ವಂತ ಆಸ್ತಿಯನ್ನಾಗಿ ಮಾಡುತ್ತಿದ್ದೇವೆ. ತಂತಿಯ ಖರ್ಚನ್ನು ಮಾತ್ರ ತಾರಸಿ ಇಲ್ಲದವರ ಜೊತೆ ಹಂಚಿಕೊಳ್ಳುತ್ತಿದ್ದೇವೆ. ಇದನ್ನು ಪರಿಸರದ ಹೆಸರಿನಲ್ಲಿ ಮಾಡುತ್ತಿರುವುದರಿಂದ ಯಾರೂ ಪ್ರಶ್ನಿಸುತ್ತಿಲ್ಲ.

ಮೊದಲು ಸಬ್ಸಿಡಿಯ ಲೆಕ್ಕ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಶುರುಮಾಡಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಬಾಬ್ತು. 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಪ್ಯಾನೆಲ್ ಕೂರಿಸಬಹುದಾದ ಸ್ವಂತ ಮನೆ ಇರಬೇಕು ಎಂಬುದು ಅರ್ಹತೆಯ ಷರತ್ತು. 3 ಕಿಲೋವ್ಯಾಟಿನ ಘಟಕಕ್ಕೆ ಸುಮಾರು ಎರಡು ಲಕ್ಷ ಬೀಳುತ್ತದೆ. ಸಹಾಯಧನ ಕಳೆದು ಉಳಿದ ಲಕ್ಷಕ್ಕೂ ಮಿಕ್ಕ ಹಣ ಹೊಂದಿಸಬಲ್ಲವರಿಗೆ ದಿನಕ್ಕೆ 12 ಯೂನಿಟ್, ತಿಂಗಳಿಗೆ 360 ಯೂನಿಟ್ ಆಸುಪಾಸು ಕರೆಂಟು ಹುಟ್ಟುತ್ತದೆ. ಹೆಚ್ಚುಕಡಿಮೆ 25 ವರ್ಷ ಹುಟ್ಟುತ್ತಲೇ ಇರುತ್ತದೆ.

ಇದರ ಪಕ್ಕದಲ್ಲಿ ಗೃಹಜ್ಯೋತಿಯನ್ನು ಇಟ್ಟು ನೋಡಿ. ತಿಂಗಳಿಗೆ 60 ಯೂನಿಟ್ ಬಳಸುವ, 1 ಕಿಲೋವ್ಯಾಟ್ ಮಂಜೂರಾತಿಯ ಒಂದು ಪುಟ್ಟ ಮನೆಯನ್ನು ತೆಗೆದುಕೊಳ್ಳೋಣ. 2025-26ರ ದರದಲ್ಲಿ ಆ ಮನೆಯ ಯೂನಿಟ್ ಶುಲ್ಕ 348 ರೂಪಾಯಿ, ನಿಗದಿತ ಶುಲ್ಕ 145. ಸರ್ಚಾರ್ಜು, ತೆರಿಗೆ ಸೇರಿದರೆ ಒಟ್ಟು ಸುಮಾರು 550. ಈ ಲೆಕ್ಕದಲ್ಲಿ ತಾರಸಿಯ ಮನೆಗೆ ಒಂದೇ ಸಲಕ್ಕೆ ಸಿಗುವ 78,000 ರೂಪಾಯಿ ಈ ಪುಟ್ಟ ಮನೆಗೆ ಸಿಗಲು ಹತ್ತಿರ ಹತ್ತಿರ 12 ವರ್ಷ ಬೇಕು. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು ಎಂದು ಯಾರಾದರೂ ನೆನಪಿಸಬಹುದು. ಎರಡೂ ಬೊಕ್ಕಸಕ್ಕೆ ಹೋಗುವುದು ಸೋಪು, ಬೆಂಕಿಪೊಟ್ಟಣದ ಮೇಲೂ ತೆರಿಗೆ ಕಟ್ಟುವ ಜನರ ದುಡ್ಡೇ.

ಭಾಷೆಯ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಇನ್ನೊಂದು ಕೆಲಸವಿದೆ. ಈ ಎರಡನ್ನೂ ನಾವು ಕರೆಯುವ ಹೆಸರುಗಳನ್ನು ಗಮನಿಸಿ. ಪುಟ್ಟ ಮನೆಯ 60 ಯೂನಿಟ್ಟಿಗೆ ‘ಬಿಟ್ಟಿ ಭಾಗ್ಯ’ ಎನ್ನುತ್ತೇವೆ. ಅದು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂದು ಟಿವಿಯಲ್ಲಿ ಚರ್ಚೆ ನಡೆಯುತ್ತದೆ. ತಾರಸಿಯ 78,000ಕ್ಕೆ ‘ಪ್ರೋತ್ಸಾಹಧನ’ ಎನ್ನುತ್ತೇವೆ. ಪಡೆದವರು ಸೋಮಾರಿಗಳಾಗುವುದಿಲ್ಲ, ‘ಜಾಗೃತ ನಾಗರಿಕ’ರಾಗುತ್ತಾರೆ. ಒಂದೇ ವಸ್ತು ಕೆಳಗೆ ಹರಿದರೆ ಬಿಟ್ಟಿ, ಮೇಲೆ ಹರಿದರೆ ಪ್ರೋತ್ಸಾಹ. ಇಂಥ ಎರಡು ಪದಗಳ ನಡುವಿನ ದೂರವನ್ನು ಅಳೆಯುವುದನ್ನು ಸಾಹಿತ್ಯದ ಓದು ನಮಗೆ ಕಲಿಸದಿದ್ದರೆ ಅದು ಮತ್ತೇನನ್ನು ಕಲಿಸಿತು?

ದರದ ಕತೆ ಇದಕ್ಕಿಂತ ಸದ್ದಿಲ್ಲದೆ ನಡೆದಿದೆ. 2023ರ ದರಪಟ್ಟಿಯಲ್ಲಿ 100 ಯೂನಿಟ್ ಒಳಗೆ ಬಳಸುವ ಮನೆಗೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ, 100 ದಾಟಿದ ಮನೆಗೆ 7 ರೂಪಾಯಿ ಇತ್ತು. ಕಡಿಮೆ ಬಳಸುವವರಿಗೆ ಕಡಿಮೆ, ಹೆಚ್ಚು ಬಳಸುವವರಿಗೆ ಹೆಚ್ಚು ಎಂಬ ಹಳೆಯ ನ್ಯಾಯ ಅದರಲ್ಲಿತ್ತು. 2024ರ ಏಪ್ರಿಲ್‌ನಿಂದ ಆ ಎರಡು ಹಂತಗಳೂ ಹೋಗಿ ಎಲ್ಲರಿಗೂ 5.90 ಆಯಿತು, 2025ರ ಏಪ್ರಿಲ್‌ನಿಂದ 5.80. ಹತ್ತು ಪೈಸೆ ಇಳಿಯಿತು ಎಂದು ಖುಷಿಪಡುವಷ್ಟರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿತ್ತು, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತಿಗೆ ಯೂನಿಟ್‌ಗೆ 36 ಪೈಸೆ ಸೇರಿತ್ತು.

ಬರೀ ಯೂನಿಟ್ ಶುಲ್ಕವನ್ನೇ ಗುಣಿಸಿ ನೋಡಿ. 80 ಯೂನಿಟ್ ಬಳಸುವ ಮನೆಗೆ 2023ರಲ್ಲಿ 380 ರೂಪಾಯಿ ಆಗುತ್ತಿದ್ದದ್ದು 2025-26ರಲ್ಲಿ 464. 300 ಯೂನಿಟ್ ಬಳಸುವ ಮನೆಗೆ 2,100 ಇದ್ದದ್ದು 1,740. ಚಿಕ್ಕ ಮನೆಗೆ ಏರಿತು, ದೊಡ್ಡ ಮನೆಗೆ ಇಳಿಯಿತು. ಆದರೂ ಬೀದಿಯಲ್ಲಿ ಒಂದು ಘೋಷಣೆ ಕೇಳಿಸಲಿಲ್ಲ. ಚಿಕ್ಕ ಮನೆಯ ಬಿಲ್ಲನ್ನು ಗೃಹಜ್ಯೋತಿಯ ಹೆಸರಿನಲ್ಲಿ ಸರ್ಕಾರ ಕಟ್ಟುತ್ತಿರುವುದೇ ಇದಕ್ಕೆ ಕಾರಣ. ಏರಿಕೆ ನಡೆದದ್ದು ಪರದೆಯ ಹಿಂದೆ. ಯೋಜನೆಗಳು ಬರುತ್ತವೆ, ಹೋಗುತ್ತವೆ. ಗೃಹಜ್ಯೋತಿ ನಿಂತ ದಿನ ಆ ಮನೆಯವರ ಕೈಗೆ ಬರುವ ಬಿಲ್ಲಿನಲ್ಲಿ 4.75ರ ಹಂತ ಇರುವುದಿಲ್ಲ. ಬಡವರ ದರವನ್ನು ತೆಗೆದುಹಾಕಿ ಬಡವರಿಗೆ ಯೋಜನೆ ಕೊಡುವುದೆಂದರೆ ಹಕ್ಕನ್ನು ಕಿತ್ತುಕೊಂಡು ದಾನ ಕೊಟ್ಟಂತೆ.

ಇನ್ನು ‘ಸ್ವಾವಲಂಬನೆ’ಯ ಮಾತು. ನಿಮ್ಮ ಕರೆಂಟು ನೀವೇ ಮಾಡಿಕೊಳ್ಳಿ, ಯಾರ ಹಂಗೂ ಬೇಡ ಎನ್ನುವ ಪ್ರಚಾರಕ್ಕೆ ಮರುಳಾಗಿ ಪ್ಯಾನೆಲ್ ಹಾಕಿಸಿದವರಿಗೆ ಮೊದಲ ಪವರ್ ಕಟ್‌ನಲ್ಲಿ ಆಶ್ಚರ್ಯ ಕಾದಿರುತ್ತದೆ. ಮೇಲೆ ಸುಡುಬಿಸಿಲು, ತಾರಸಿಯ ತುಂಬ ಪ್ಯಾನೆಲ್ಲು, ಮನೆಯೊಳಗೆ ಫ್ಯಾನಿಲ್ಲ. ಬ್ಯಾಟರಿಯಿಲ್ಲದೆ ಬೀದಿಯ ತಂತಿಗೆ ಜೋಡಿಸಿದ ಇನ್ವರ್ಟರು ತಂತಿಯಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಸತ್ತ ತಂತಿ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟು ಹೊಡೆಯುತ್ತದೆ. ರಾತ್ರಿಯಂತೂ ಪ್ಯಾನೆಲ್ಲು ಬರೀ ಗಾಜು. ಹಗಲು ಹೆಚ್ಚಾದದ್ದನ್ನು ತಂತಿಗೆ ಬಿಟ್ಟು ಸಂಜೆ ಅದೇ ತಂತಿಯಿಂದ ವಾಪಸು ತೆಗೆದುಕೊಳ್ಳುವುದೇ ನೆಟ್ ಮೀಟರಿಂಗ್. ಹಾಗೆ ವಾಪಸು ಬರುವ ರಾತ್ರಿಯ ಕರೆಂಟು ಶರಾವತಿಯದ್ದೋ ಕೈಗಾದ್ದೋ ಶಕ್ತಿನಗರದ್ದೋ ಆಗಿರುತ್ತದೆ. ಸ್ವಾವಲಂಬಿ ಎನಿಸಿಕೊಂಡ ಮನೆ ನಿಂತಿರುವುದು ಊರಿನ ತಂತಿ, ಊರಿನ ಕಂಬ, ಊರಿನ ಲೈನ್‌ಮನ್‌ನ ಹೆಗಲ ಮೇಲೆ.

ಅವಲಂಬನೆ ತಪ್ಪಲ್ಲ, ಅದನ್ನು ಮರೆಮಾಚುವುದು ತಪ್ಪು. ಕರೆಂಟು ಹೋದಾಗ ನಮ್ಮಲ್ಲಿ ಯಾರಾದರೂ ಕೇಳುವ ಮೊದಲ ಪ್ರಶ್ನೆ ಏನು? “ನಮ್ಮನೇದು ಮಾತ್ರಾನಾ, ಎಲ್ಲರ ಮನೇದೂ ಹೋಗಿದೆಯಾ?” ಒಬ್ಬರು ಕಿಟಕಿಯಿಂದ ಇಣುಕುತ್ತಾರೆ, ಇನ್ನೊಬ್ಬರು ಗೇಟಿನ ತನಕ ಹೋಗಿ ಬೀದಿ ದೀಪ ನೋಡುತ್ತಾರೆ. ಎಲ್ಲರದ್ದೂ ಹೋಗಿದ್ದರೆ ಒಂದು ಬಗೆಯ ಸಮಾಧಾನ, ಯಾಕೆಂದರೆ ಎಲ್ಲರದ್ದೂ ಹೋದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಅದೊಂದು ಸಣ್ಣ ರಾಜಕೀಯ ಪ್ರಜ್ಞೆ. ಉಳ್ಳವರು ಸರ್ಕಾರಿ ಶಾಲೆ ಬಿಟ್ಟ ಮೇಲೆ ಶಾಲೆಗೆ ಏನಾಯಿತು, ಮನೆಮನೆಗೆ ಬೋರ್‌ವೆಲ್ ಬಂದ ಮೇಲೆ ಊರ ಕೆರೆಗೆ ಏನಾಯಿತು ಎಂದು ಕಂಡಿದ್ದೇವೆ. ದನಿ ಇರುವವರು ಪ್ಯಾನೆಲ್ಲು, ಬ್ಯಾಟರಿ ಇಟ್ಟುಕೊಂಡು ಆ ಪ್ರಶ್ನೆಯಿಂದ ಹೊರನಡೆದರೆ ಫೋನ್ ಮಾಡಲು ಉಳಿಯುವವರು ಯಾರು? ಅವರ ಫೋನನ್ನು ಯಾರು ಎತ್ತುತ್ತಾರೆ?

ಸ್ಮಾರ್ಟ್ ಮೀಟರಿನ ಜಗಳದಲ್ಲೂ ನಾವು ಅರ್ಧವನ್ನೇ ಮಾತಾಡಿದ್ದೇವೆ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಸಿಂಗಲ್ ಫೇಸ್ ಮೀಟರಿನ ಬೆಲೆ ಐದು ಸಾವಿರದ ಹತ್ತಿರ ಹೋಯಿತು. ವಿಧಾನಸಭೆಯಿಂದ ಹೈಕೋರ್ಟಿನವರೆಗೆ ಬೆಲೆಯದೇ ವಾದ. ಗ್ರಾಹಕರೇ ಯಾಕೆ ಕೊಡಬೇಕು ಎಂಬ ಪ್ರಶ್ನೆ ಸರಿಯೇ. ಆದರೆ ಆ ಮೀಟರು ಏನು ಮಾಡುತ್ತದೆ ಎಂಬುದು ಬೆಲೆಗಿಂತ ದೊಡ್ಡ ಪ್ರಶ್ನೆ. ಹಳೆಯ ಮೀಟರು ತಿಂಗಳಿಗೆ ಎಷ್ಟು ಬಳಸಿದಿರಿ ಎಂದಷ್ಟೇ ಹೇಳುತ್ತಿತ್ತು. ಹೊಸದು ಯಾವ ಹೊತ್ತಿನಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತದೆ. ಮನೆಯವರು ಎಷ್ಟಕ್ಕೆ ಏಳುತ್ತಾರೆ, ಯಾವಾಗ ಊರಲ್ಲಿರುವುದಿಲ್ಲ ಎಂಬುದನ್ನು ಆ ಅಂಕಿಗಳಿಂದ ಊಹಿಸುವುದು ಕಷ್ಟವಲ್ಲ.

ಹೊತ್ತು ಗೊತ್ತಾದ ಮೇಲೆ ಹೊತ್ತಿಗೊಂದು ಬೆಲೆ ಹಾಕಬಹುದು. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ ಇದಕ್ಕೆ ದಾರಿ ಮಾಡಿದೆ: ಬಿಸಿಲಿನ ಹೊತ್ತಿನಲ್ಲಿ ಮಾಮೂಲಿ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೂ ಕನಿಷ್ಠ ಶೇ. 10 ಹೆಚ್ಚು. ಪಕ್ಕದ ಕೇರಳದಲ್ಲಿ ಹೆಚ್ಚು ಬಳಸುವ ಮನೆಗಳಿಗೆ ಸಂಜೆಯ ಹೆಚ್ಚುವರಿ ದರ ಬಂದಾಗಿದೆ. ಬಿಸಿಲಿದ್ದಾಗ ಬಳಸಿ ಎಂಬುದು ತಾಂತ್ರಿಕವಾಗಿ ಸರಿಯಾದ ಸಲಹೆ. ಆದರೆ ಹಗಲು ಮನೆಯಲ್ಲಿದ್ದು ವಾಷಿಂಗ್ ಮೆಷಿನ್ ಹಾಕುವವರು ಯಾರು? ಗಾರ್ಮೆಂಟ್ಸ್‌ನಿಂದ ಸಂಜೆ ಬಂದು ಮಿಕ್ಸಿ ತಿರುಗಿಸುವವರಿಗೆ, ದೀಪದಡಿ ಓದುವ ಮಕ್ಕಳಿಗೆ ಹಗಲಿನ ರಿಯಾಯಿತಿಯಿಂದ ಏನು ಬಂತು? ಸಂಜೆಯೇ ಅವರ ದಿನ. ಆ ಸಂಜೆಯೇ ನಾಳೆ ದುಬಾರಿಯಾಗಬಹುದು.

ಬಾಡಿಗೆದಾರರ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ನಾನಿರುವ ಕಟ್ಟಡದ ತಾರಸಿಯಲ್ಲಿ ಪ್ಯಾನೆಲ್ಲುಗಳಿವೆ, ಕೆಳಗಿನ ಕೋಣೆಗಳಿಗೆ ಉಪಮೀಟರುಗಳಿವೆ. ಮಾಲೀಕರು ಯೂನಿಟ್‌ಗೆ 9 ರೂಪಾಯಿ ತೆಗೆದುಕೊಳ್ಳುತ್ತಾರೆ. ಪ್ಯಾನೆಲ್ ಬರುವ ಮೊದಲೂ 9, ಬಂದ ಮೇಲೂ 9. ತಾರಸಿಗೆ ಬೀಗ. ಇಂಥ ಕಟ್ಟಡಗಳು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಎಷ್ಟಿವೆ ಎಂಬುದು ಇದನ್ನು ಓದುವ ವಿದ್ಯಾರ್ಥಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗೆಂದು ತಾರಸಿ ಇದ್ದವರನ್ನೇ ಶತ್ರುಗಳಾಗಿ ಮಾಡಿದರೆ ಲೆಕ್ಕ ತಪ್ಪುತ್ತದೆ. 2013ರಲ್ಲಿ ನಮ್ಮ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿಯ ಕರೆಂಟಿಗೆ, ಸಬ್ಸಿಡಿ ಪಡೆಯದವರಿಗೆ, ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿಮಾಡಿತ್ತು. ಇಂದು ಸಬ್ಸಿಡಿ ಪಡೆದು ಪ್ಯಾನೆಲ್ ಹಾಕುವ ಮನೆ ತಂತಿಗೆ ಹೆಚ್ಚುವರಿಯಾಗಿ ಬಿಡುವ ಯೂನಿಟ್ಟಿಗೆ 3 ರೂಪಾಯಿಯೂ ಸಿಗುವುದಿಲ್ಲ. ಅದೇ ಯೂನಿಟ್ಟು 2025-26ರ ದರದಲ್ಲಿ ಪಕ್ಕದ ಮನೆಗೆ 5.80ಕ್ಕೆ ಮಾರಾಟವಾಗುತ್ತಿತ್ತು. ಪ್ಯಾನೆಲ್ಲಿನ ಬೆಲೆ ಇಳಿದಿದೆ ನಿಜ, ಆದರೆ ದರ ಬರೆಯುವ ಕೈ ತನ್ನದಲ್ಲ ಎಂಬುದು ತಾರಸಿಯವರಿಗೂ ಅರ್ಥವಾಗಬೇಕು.

ಇದು ಈ ನೆಲದಲ್ಲಿ ಹೊಸ ಕತೆಯೂ ಅಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುತ್ತಲಿನ ಹಳ್ಳಿಗಳನ್ನು ದಾಟಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಕಾಲದಲ್ಲಿ ಪಾವಗಡದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಜಮೀನಿದ್ದವರಿಗೆ ಸಿಕ್ಕಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಕರಾರಿನಲ್ಲಿ ಜಾಗವಿರಲಿಲ್ಲ. ಪಾವಗಡದಲ್ಲಿ ನೆಲ ಇಲ್ಲದವರಿಗೆ ಆದದ್ದೇ ನಗರದಲ್ಲಿ ತಾರಸಿ ಇಲ್ಲದವರಿಗೆ ಆಗುತ್ತಿದೆ.

ಬೇರೆ ದಾರಿ ಇಲ್ಲವೆನ್ನುವುದು ಸುಳ್ಳು. ಎಲ್ಲೋ ಒಂದು ಕಡೆ ಹಾಕಿದ ಪ್ಯಾನೆಲ್ಲಿನ ಯೂನಿಟ್ಟುಗಳನ್ನು ಹಲವು ಮನೆಗಳ ಬಿಲ್ಲಿಗೆ ಹಂಚಿ ಕಳೆಯುವ ವ್ಯವಸ್ಥೆಗೆ ವರ್ಚುವಲ್ ನೆಟ್ ಮೀಟರಿಂಗ್ ಎನ್ನುತ್ತಾರೆ. ದೆಹಲಿಯ ಆಯೋಗ 2019ರಲ್ಲೇ ಇದಕ್ಕೆ ನಿಯಮ ಮಾಡಿದೆ. ಸರ್ಕಾರಿ ಶಾಲೆ, ಪಂಚಾಯಿತಿ ಕಚೇರಿ, ಬಸ್ ನಿಲ್ದಾಣ, ವಿಶ್ವವಿದ್ಯಾಲಯಗಳ ತಾರಸಿಗಳು ಸಾರ್ವಜನಿಕ ತಾರಸಿಗಳು. ಅವುಗಳ ಮೇಲಿನ ಕರೆಂಟಿನ ಮೊದಲ ಪಾಲು ತಾರಸಿ ಇಲ್ಲದ ಮನೆಗಳ ಬಿಲ್ಲಿಗೆ ಹೋಗಲಿ. ಸಬ್ಸಿಡಿ ಪಡೆದ ಖಾಸಗಿ ತಾರಸಿಯ ಲಾಭದಲ್ಲಿ ಬಾಡಿಗೆದಾರರಿಗೂ ಪಾಲಿರಲಿ. 100 ಯೂನಿಟ್ ಒಳಗಿನವರ ಕಡಿಮೆ ದರದ ಹಂತ ಮರಳಿ ಬರಲಿ. ಸ್ಮಾರ್ಟ್ ಮೀಟರಿನ ಅಂಕಿಗಳು ಮನೆಯವರ ಸ್ವತ್ತು ಎಂದು ಕಾನೂನಿನಲ್ಲಿ ಬರೆಯಲಿ, ಸಣ್ಣ ಬಳಕೆದಾರರ ಸಂಜೆಗೆ ಹೆಚ್ಚುವರಿ ಬೆಲೆ ಹಾಕದಿರಲಿ.

ಇದನ್ನು ಅತಿಯಾಸೆ ಎನ್ನುವವರಿಗೆ 1974 ನೆನಪಿರಲಿ. ಕಾಗದ ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ ಮಣ್ಣಿನಲ್ಲಿ ಕೈಯಿಟ್ಟವರು ಯಾರು ಎಂಬುದು ದೊಡ್ಡದು ಎಂದು ಈ ರಾಜ್ಯ ಒಮ್ಮೆ ತೀರ್ಮಾನಿಸಿತ್ತು. ದೇವರಾಜ ಅರಸು ಕಾಲದ ಆ ಭೂಸುಧಾರಣೆಯಲ್ಲಿ ಗೇಣಿದಾರರು ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಅಂದು ಗೇಣಿ, ಇಂದು ಬಾಡಿಗೆ. ಉಳುವವನೇ ಹೊಲದೊಡೆಯ ಎಂದ ನಾಡು ಬಿಸಿಲಿನ ಒಡೆತನದ ಪ್ರಶ್ನೆಯನ್ನು ಸಬ್ಸಿಡಿ ಅರ್ಜಿಯ ಒಂದು ಕಾಲಮ್ಮಿಗೆ ಬಿಟ್ಟುಕೊಡಬಾರದು. ದರ ಪರಿಷ್ಕರಣೆಗೆ ಮುನ್ನ ಆಯೋಗ ಪ್ರತಿಸಲವೂ ಸಾರ್ವಜನಿಕ ಆಕ್ಷೇಪಣೆ ಕರೆಯುತ್ತದೆ. ಮುಂದಿನ ಸಲ ಬಾಡಿಗೆದಾರರು, ಹಾಸ್ಟೆಲಿನವರು, ಗಾರ್ಮೆಂಟ್ಸ್ ಕಾರ್ಮಿಕರು ಅಲ್ಲಿಗೆ ಹೋಗಿ ಆಕ್ಷೇಪಣೆ ಸಲ್ಲಿಸಬೇಕು. ಅರ್ಜಿ ಬರೆಯಲು ಕನ್ನಡ ಬಲ್ಲ ವಿದ್ಯಾರ್ಥಿಗಳು ಬೇಕಾಗುತ್ತಾರೆ.