ಅಕ್ಕನ ಅಡುಗೆಮನೆಯ ಡಬ್ಬಿ, ಸಮುದ್ರದ ಸ್ಪಂಜು

ನಮ್ಮ ಶೆಟ್ಟಿಹಳ್ಳಿಯಿಂದ ಸಮುದ್ರ ನೋಡಬೇಕು ಅಂದ್ರೆ ಮಂಗಳೂರಿನ ಕಡೆಗೆ ಸುಮಾರು 300 ಕಿಲೋಮೀಟರ್ ಹೋಗಬೇಕು. ಮನೆಯಲ್ಲಿ ಮೀನೂ ತಿನ್ನಲ್ಲ. ಸಮುದ್ರಕ್ಕೂ ನಮಗೂ ಇರೋ ಸಂಬಂಧ ಅಂದ್ರೆ ಮುರುಡೇಶ್ವರದ ಟ್ರಿಪ್ಪಿನಲ್ಲಿ ಪ್ಯಾಂಟ್ ಮಡಚಿಕೊಂಡು ಅಲೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದು ಅಷ್ಟೇ ಅಂದುಕೊಂಡಿದ್ದೆ. ಹೋದ ವರ್ಷ ಆ ಲೆಕ್ಕ ತಪ್ಪಾಯ್ತು.

ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಜ್ವರ ಬಿಡ್ತಾನೇ ಇರಲಿಲ್ಲ, ರಾತ್ರಿ ಕಾಲು ನೋವು ಅಂತ ಅಳ್ತಿದ್ದ. ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದ ಡಾಕ್ಟರು ಇವತ್ತೇ ಬೆಂಗಳೂರಿಗೆ ಹೊರಡಿ ಅಂದ್ರು. ಕಿದ್ವಾಯಿ ಆಸ್ಪತ್ರೆಯಲ್ಲಿ ಹೇಳಿದ್ದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸೋ ಕ್ಯಾನ್ಸರ್ ಇದೇ, ಬಹಳಷ್ಟು ಮಕ್ಕಳು ಗುಣ ಆಗ್ತಾರೆ, ಆದರೆ ಎರಡರಿಂದ ಮೂರು ವರ್ಷ ಚಿಕಿತ್ಸೆ ತಪ್ಪಿಸಬಾರದು ಅಂತ ವೈದ್ಯರು ಅಕ್ಕ-ಭಾವನನ್ನು ಕೂರಿಸಿಕೊಂಡು ಹೇಳಿದರು.

ಮೊದಲ ತಿಂಗಳಲ್ಲೇ ಹುಡುಗನ ಕೂದಲು ಉದುರಿತು. ಬಾಯಲ್ಲಿ ಹುಣ್ಣಾಗಿ ಮುದ್ದೆ ನುಂಗೋಕೂ ಆಗ್ತಿರಲಿಲ್ಲ. ಆಗ ಶುರುವಾಯ್ತು ನೆಂಟರ ಸಲಹೆ. ದೊಡ್ಡಪ್ಪ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದರು. ಸಮುದ್ರದ ಪಾಚಿಯ ಪುಡಿ, ಕ್ಯಾನ್ಸರ್ ಬೇರುಸಮೇತ ಹೋಗುತ್ತೆ, ಸೈಡ್ ಎಫೆಕ್ಟ್ ಇಲ್ಲ, ತಿಂಗಳಿಗೆ ನಾಲ್ಕು ಸಾವಿರ.

"ನೋಡಪ್ಪಾ, ಎಂಜಿನಿಯರಿಂಗ್ ಓದಿದೋನು ನೀನು, ನೀನೇ ಹೇಳು. ಇದು ಸಮುದ್ರದ್ದು, ನ್ಯಾಚುರಲ್ಲು. ಅವರು ಕೊಡ್ತಿರೋದು ಬರೀ ಕೆಮಿಕಲ್ಲು. ಮಗು ಮುಖ ನೋಡಕ್ಕಾಗ್ತಿಲ್ಲ," ಅಂದ್ರು ದೊಡ್ಡಪ್ಪ. ಅವರ ದನಿಯಲ್ಲಿ ಜಗಳ ಇರಲಿಲ್ಲ, ಸಂಕಟ ಇತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ಕಂಪ್ಯೂಟರ್ ಸೈನ್ಸು.

ಒಂದು ದಿನ ಆಸ್ಪತ್ರೆಯಲ್ಲಿ ಭಾವನ ಬದಲು ನಾನು ಕೂತಿದ್ದೆ. ನರ್ಸ್ ತಂದ ಬಾಟಲಿಯ ಮೇಲೆ 'ಸೈಟರಾಬಿನ್' ಅಂತ ಇತ್ತು. ಡ್ರಿಪ್ ಹನಿ ಹನಿ ಇಳೀತಿತ್ತು, ಹುಡುಗ ಮಲಗಿದ್ದ. ಹೊತ್ತು ಹೋಗದೆ ಆ ಹೆಸರನ್ನು ಹುಡುಕಿ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಎದ್ದು ಕೂತೆ. ದೊಡ್ಡಪ್ಪ ಹೇಳಿದ 'ಬರೀ ಕೆಮಿಕಲ್ಲಿನ' ಮೂಲ ಸಮುದ್ರದ ತಳದಲ್ಲಿತ್ತು.

ಸ್ಪಂಜು ಅಂದ್ರೆ ನಾವು ಪಾತ್ರೆ ತೊಳೆಯೋ ಪ್ಲಾಸ್ಟಿಕ್ ತುಂಡಲ್ಲ. ಸಮುದ್ರದಲ್ಲಿ ಬಂಡೆಗೆ ಅಂಟಿಕೊಂಡು ನೀರು ಸೋಸಿ ಬದುಕುವ ಪ್ರಾಣಿ. 1945ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನವಿಜ್ಞಾನಿ ಇಂಥ ಒಂದು ಸ್ಪಂಜನ್ನು ಸಂಗ್ರಹಿಸಿದರು. ಅವರು ಮತ್ತು ರಾಬರ್ಟ್ ಫೀನಿ ಅದರಿಂದ ಬೇರ್ಪಡಿಸಿದ ವಸ್ತುಗಳು ಡಿಎನ್‌ಎ ಕಟ್ಟುವ ಇಟ್ಟಿಗೆಗಳ ಹಾಗೇ ಇದ್ದವು. ವ್ಯತ್ಯಾಸ ಒಂದೇ: ಒಳಗಿದ್ದ ಸಕ್ಕರೆ ಮಾಮೂಲಿಯದಲ್ಲ, ಅರಾಬಿನೋಸ್ ಎಂಬ ಬೇರೆ ಸಕ್ಕರೆ.

ಈ ಸಣ್ಣ ವ್ಯತ್ಯಾಸದಲ್ಲೇ ಔಷಧಿ ಇರೋದು. ಕ್ಯಾನ್ಸರ್ ಕೋಶ ಒಂದು ಎರಡಾಗಬೇಕಾದರೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಆಗ ಇಂಥ ಇಟ್ಟಿಗೆಯನ್ನೂ ತನ್ನದೇ ಅಂದುಕೊಂಡು ಗೋಡೆಗೆ ಸೇರಿಸುತ್ತೆ. ಅದರ ಮೇಲೆ ಮುಂದಿನ ಇಟ್ಟಿಗೆ ಸರಿಯಾಗಿ ಕೂರಲ್ಲ. ಗೋಡೆ ಅಲ್ಲೇ ನಿಲ್ಲುತ್ತೆ, ಕೋಶ ಸಾಯುತ್ತೆ. ಕೂದಲಿನ ಬುಡ, ಬಾಯಿಯ ಒಳಚರ್ಮ, ಮೂಳೆಯ ಮಜ್ಜೆ ಇವೂ ಬೇಗ ಬೇಗ ಬೆಳೆಯುವ ಜಾಗಗಳೇ ಆದ್ದರಿಂದ ಪೆಟ್ಟು ಅಲ್ಲಿಗೂ ಬೀಳುತ್ತೆ. ನಮ್ಮ ಹುಡುಗನಿಗೆ ಬಾಯಿಹುಣ್ಣು ಯಾಕೆ ಬಂತು ಅನ್ನೋದು ನನಗೆ ಅರ್ಥ ಆಗಿದ್ದು ಆಗಲೇ.

ಆದರೆ ಕಥೆ ಸ್ಪಂಜು ಸಿಕ್ಕ ದಿನ ಮುಗಿಯಲಿಲ್ಲ. ಸ್ಪಂಜಿನಲ್ಲಿ ಸಿಕ್ಕಿದ್ದು ಸೈಟರಾಬಿನ್ ಅಲ್ಲ, ಅದರ ಸುಳಿವು. ಆ ಮಾದರಿ ನೋಡಿಕೊಂಡು 1959ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೈಟರಾಬಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆ ನಡೆದು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1969ರಲ್ಲಿ. ಸ್ಪಂಜಿನಿಂದ ಬಾಟಲಿಗೆ 24 ವರ್ಷ. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಅದು ಇದೆ. ಅದನ್ನು ತಯಾರಿಸೋಕೆ ಒಂದೇ ಒಂದು ಸ್ಪಂಜನ್ನೂ ಕೀಳಬೇಕಾಗಿಲ್ಲ.

ಸ್ಪಂಜಿಗೆ ಯಾಕೆ ಇಂಥ ವಸ್ತುಗಳು ಬೇಕು? ಅದಕ್ಕೆ ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಕೂತಲ್ಲೇ ಕೂತು ಬದುಕಬೇಕಾದ ಪ್ರಾಣಿಗೆ ರಾಸಾಯನಿಕವೇ ಆಯುಧ. ಎಷ್ಟೋ ಸಲ ಆ ಆಯುಧ ತಯಾರಿಸೋದು ಅದರೊಳಗೆ ಬಾಡಿಗೆಗಿರೋ ಬ್ಯಾಕ್ಟೀರಿಯಾ. ಕೆಲವು ಸ್ಪಂಜುಗಳ ದೇಹದಲ್ಲಿ ಮೂರನೇ ಒಂದು ಪಾಲಿನಷ್ಟು ಬ್ಯಾಕ್ಟೀರಿಯಾಗಳೇ ಇರುತ್ತವೆ. ಹಾಗಾಗಿ ಈಗ ಹುಡುಕಾಟ ಸೂಕ್ಷ್ಮಜೀವಿಗಳ ಕಡೆ ಹೊರಳಿದೆ. ಬಹಾಮಾಸ್ ದ್ವೀಪಗಳ ಬಳಿ ಸಮುದ್ರತಳದ ಕೆಸರಿನಲ್ಲಿ ಸಿಕ್ಕ ಸಾಲಿನಿಸ್ಪೋರಾ ಎಂಬ ಬ್ಯಾಕ್ಟೀರಿಯಾದ ಜೀನೋಮನ್ನು 2007ರಲ್ಲಿ ಪೂರ್ತಿ ಓದಿದಾಗ, ಅದರಲ್ಲಿ ಹತ್ತನೇ ಒಂದು ಪಾಲು ಇಂಥ ವಸ್ತುಗಳನ್ನು ತಯಾರಿಸೋಕೇ ಮೀಸಲಾಗಿತ್ತು. ನಮ್ಮಂಥ ಕೋಡ್ ಬರೆಯೋರ ಕೆಲಸವೂ ಇಲ್ಲಿ ಬರುತ್ತೆ. ಯಾವ ಬ್ಯಾಕ್ಟೀರಿಯಾ ಏನು ತಯಾರಿಸಬಹುದು ಅಂತ ಅದರ ಜೀನೋಮ್ ಜಾಲಾಡಿ ಮೊದಲೇ ಅಂದಾಜು ಮಾಡೋ ಸಾಫ್ಟ್‌ವೇರ್‌ಗಳಿವೆ.

ಇದನ್ನೆಲ್ಲ ಓದಿ ಖುಷಿಯಾಗಿ ಮನೆಗೆ ಬಂದೆ. ಅಕ್ಕನ ಅಡುಗೆಮನೆಯಲ್ಲಿ ಕಾಫಿಗೆ ಸಕ್ಕರೆ ತಗೊಳೋಕೆ ಹೋದರೆ ಸಕ್ಕರೆ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ. ಪಾಚಿ ಪುಡಿ. ಅರ್ಧ ಇಂಚು ಖಾಲಿಯಾಗಿತ್ತು.

ಅಕ್ಕ ಅತ್ತಳು. "ಮೂರು ದಿನ ಕೊಟ್ಟೆ ಕಣೋ. ಭಾವನಿಗೆ ಹೇಳಬೇಡ. ಮುಂದಿನ ಕೀಮೋ ಬಿಡಿಸಿ ಇದನ್ನೇ ಒಂದೆರಡು ತಿಂಗಳು ನೋಡೋಣವಾ ಅಂತ ಅನ್ನಿಸ್ತಿದೆ. ಅವನ ನೋವು ನೋಡೋಕಾಗ್ತಿಲ್ಲ." ಬೈಯೋಕೆ ನನಗೆ ಬಾಯಿ ಬರಲಿಲ್ಲ. ಮಗುವಿಗೆ ಡ್ರಿಪ್ ಹಾಕುವಾಗ ಕೈ ಹಿಡ್ಕೊಂಡು ಕೂರೋಳು ಅವಳು, ನಾನಲ್ಲ.

ಆ ಸಂಜೆ ದೊಡ್ಡಪ್ಪನನ್ನೂ ಕರೆದು ಕೂತೆವು. ಸೈಟರಾಬಿನ್ ಕಥೆ ಹೇಳಿದೆ. "ಅಲ್ಲಪ್ಪಾ, ಅದು ಸಮುದ್ರದಿಂದಲೇ ಬಂದಿದ್ದು ಅಂದ್ಮೇಲೆ ಇದೂ ಕೆಲಸ ಮಾಡಬಹುದಲ್ಲ?" ಅಂದ್ರು. ನ್ಯಾಯವಾದ ಪ್ರಶ್ನೆಯೇ.

ನಾನು ಕಿಟಕಿಯಾಚೆ ಅಂಗಳದ ಕಾಶಿಕಣಗಿಲೆ ಗಿಡ ತೋರಿಸಿದೆ. ಇದೇ ಹುಡುಗನಿಗೆ ಕೊಡೋ ಇನ್ನೊಂದು ಔಷಧಿ ವಿಂಕ್ರಿಸ್ಟಿನ್. ಅದು ಸಿಕ್ಕಿದ್ದು ಈ ಗಿಡದಲ್ಲಿ. "ಹಾಗಂತ ಎಲೆ ಅರೆದು ಮಗುಗೆ ಕುಡಿಸ್ತೀರಾ ದೊಡ್ಡಪ್ಪಾ?" ಅಂದೆ. "ಅದು ವಿಷ ಅಲ್ವೇನೋ, ದನವೂ ಮುಟ್ಟಲ್ಲ," ಅಂದ್ರು. ಹೌದು. ಆ ವಿಷದಿಂದ ಬೇಕಾದ ಒಂದನ್ನೇ ಬಿಡಿಸಿ, ಮಗುವಿನ ಅಳತೆಗೆ ಎಷ್ಟು ಅಂತ ಲೆಕ್ಕ ಹಾಕಿ, ರಕ್ತದ ರಿಪೋರ್ಟ್ ನೋಡಿಕೊಂಡು ಕೊಡೋದಕ್ಕೆ ಔಷಧಿ ಅಂತ ಹೆಸರು.

ಇನ್ನೊಂದು ಲೆಕ್ಕವನ್ನೂ ಹೇಳಿದೆ. ಜಪಾನಿನಲ್ಲಿ 1986ರಲ್ಲಿ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತುವನ್ನು ಒಂದು ಸ್ಪಂಜಿನಿಂದ ಬೇರ್ಪಡಿಸಿದರು. 600 ಕಿಲೋ ಸ್ಪಂಜಿಗೆ ಸಿಕ್ಕಿದ್ದು 12.5 ಮಿಲಿಗ್ರಾಂ. ಅದರ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ ಎರಿಬುಲಿನ್ 2010ರಿಂದ ಸ್ತನ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಹಾಗಿದ್ದ ಮೇಲೆ ಒಂದು ಚಮಚ ಪುಡಿಯಲ್ಲಿ ಏನಿದೆ, ಎಷ್ಟಿದೆ? ಡಬ್ಬಿಯ ಮೇಲೆ ಅದು ಬರೆದಿರಲಿಲ್ಲ. ಸಮುದ್ರದ ಪಾಚಿ ನೀರಿನಲ್ಲಿರೋ ಅಯೋಡಿನ್, ಆರ್ಸೆನಿಕ್ ಥರದ್ದನ್ನೂ ಹೀರಿಕೊಳ್ಳುತ್ತೆ ಅನ್ನೋದೂ ಬರೆದಿರಲಿಲ್ಲ.

ಭರವಸೆ ಹುಟ್ಟಿಸಿದ್ದೆಲ್ಲ ಗೆಲ್ಲೋದೂ ಇಲ್ಲ. ಆಗಲೇ ಹೇಳಿದ ಸಾಲಿನಿಸ್ಪೋರಾದಿಂದ ಮರಿಜೋಮಿಬ್ ಎಂಬ ವಸ್ತು ಸಿಕ್ಕಿತು. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುತ್ತಿತ್ತು. ಮೆದುಳಿನ ಕ್ಯಾನ್ಸರ್ ಇದ್ದವರ ಮೇಲೆ ಮೂರನೇ ಹಂತದ ಪರೀಕ್ಷೆ ಮಾಡಿದಾಗ ಅವರ ಆಯುಷ್ಯ ಹೆಚ್ಚಲಿಲ್ಲ. ಅದನ್ನು ವಿಜ್ಞಾನಿಗಳೇ ಬರೆದು ಪ್ರಕಟಿಸಿದರು. ಪುಡಿ ಮಾರೋರು ಸೋತ ಲೆಕ್ಕ ಎಲ್ಲೂ ಬರೆಯಲ್ಲ.

ಮರುದಿನ ಅಕ್ಕನೇ ಭಾವನಿಗೆ ಹೇಳಿದಳು. ಮುಂದಿನ ಭೇಟಿಗೆ ಡಬ್ಬಿಯನ್ನೂ ತಗೊಂಡು ಹೋದರು. ವೈದ್ಯರು ಬೈಯಲಿಲ್ಲವಂತೆ. ನಿಲ್ಲಿಸಿ ಅಂದ್ರು, ರಕ್ತ ಪರೀಕ್ಷೆ ಇನ್ನೊಮ್ಮೆ ಮಾಡಿಸಿದರು, ಮುಂದೆ ಏನೇ ಕೊಡೋದಿದ್ದರೂ ಮೊದಲು ನಮಗೆ ತೋರಿಸಿ ಅಂದ್ರು. ಬಾಯಿಹುಣ್ಣಿಗೆ ತೊಳೆಯೋ ಔಷಧಿ, ವಾಂತಿಗೆ ಬೇರೆ ಮಾತ್ರೆ ಬರೆದುಕೊಟ್ಟರು. ಈ ಕಷ್ಟಗಳನ್ನು ಅಕ್ಕ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಆ ಡಬ್ಬಿ ಮನೆಗೇ ಬರ್ತಿರಲಿಲ್ಲವೇನೋ.

ನಾನು ಸಮುದ್ರವನ್ನು ತಳ್ಳಿಹಾಕ್ತಿಲ್ಲ. ನಿಮ್ಮ ಮನೆಯ ಔಷಧಿ ಪೆಟ್ಟಿಗೆಯಲ್ಲಿ ಸೆಫಿಕ್ಸಿಮ್ ಮಾತ್ರೆ ಇದ್ದರೆ ನೋಡಿ. ಆ ಗುಂಪಿನ ಮೂಲ, 1945ರಲ್ಲಿ ಇಟಲಿಯ ಸಾರ್ಡೀನಿಯಾದಲ್ಲಿ ಊರ ಚರಂಡಿ ಸಮುದ್ರಕ್ಕೆ ಸೇರೋ ಜಾಗದ ನೀರಿನಿಂದ ಜೂಸೆಪ್ಪೆ ಬ್ರೋಟ್ಸು ಎಂಬ ವೈದ್ಯರು ಹೆಕ್ಕಿದ ಒಂದು ಬೂಷ್ಟು. ನಮ್ಮ ದೇಶದಲ್ಲೂ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಸಮುದ್ರದಿಂದ ಔಷಧಿ ಹುಡುಕೋ ಯೋಜನೆ 1990ರ ದಶಕದಲ್ಲೇ ಶುರುವಾಗಿದೆ. ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ, ಕಾರವಾರದಲ್ಲಿ ಕಡಲ ಜೀವವಿಜ್ಞಾನ ಕಲಿಸೋ ವಿಭಾಗ ಇದೆ. ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಬಿಟ್ಟು ಬೇರೇನಿದೆ ಅಂತ ಕೇಳೋ ಮಕ್ಕಳಿದ್ದರೆ ಅವರಿಗೆ ಇದನ್ನೂ ಹೇಳಿ.

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದು ಇಂಥ ಡಬ್ಬಿ ಬಂದರೆ ಮೂರೇ ಪ್ರಶ್ನೆ ಕೇಳಿ: ಇದರಲ್ಲಿ ಏನಿದೆ, ಎಷ್ಟಿದೆ, ಯಾವ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ? ಉತ್ತರ ಸಿಗದಿದ್ದರೆ ಡಬ್ಬಿ ತೆರೆಯಬೇಡಿ. ತಂದುಕೊಟ್ಟವರ ಮೇಲೆ ಮಾತ್ರ ಸಿಟ್ಟಾಗಬೇಡಿ, ಅವರು ತಂದಿದ್ದು ಪ್ರೀತಿಯಿಂದಲೇ.

ಹುಡುಗನಿಗೆ ಈಗ ಡ್ರಿಪ್ ಹಂತ ಮುಗಿದಿದೆ. ಮಾತ್ರೆಗಳು ಇನ್ನೂ ಒಂದೂವರೆ ವರ್ಷ ಇವೆ. ಗುಣವಾಯ್ತು ಅಂತ ವೈದ್ಯರು ಇನ್ನೂ ಹೇಳಿಲ್ಲ, ನಾವೂ ಕೇಳಲ್ಲ. ಕೂದಲು ಬಂದಿದೆ, ಶಾಲೆಗೆ ಹೋಗ್ತಿದಾನೆ. ದೊಡ್ಡಪ್ಪ ಈಗ ವಿಡಿಯೊ ಕಳಿಸಲ್ಲ. ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳ್ತಾರೆ: "ಏನಪ್ಪಾ, ಈ ಸಲದ ರಿಪೋರ್ಟ್ ಬಂತಾ?"